ತೂಫಾನ್ ಯಾರು ಹತ್ತಬಾರದು

ಹೆದರಿಕೆಯಾಗುತ್ತದೆ ಎಂದು ಬಾಯಿಬಿಟ್ಟು ಹೇಳಲು ನಾಚುವವರಿಗಾಗಿಯೇ ಆ ಬೋರ್ಡನ್ನು ನಿಲ್ಲಿಸಿದ್ದರೋ ಏನೋ. ರಾಸ್ ಎಲ್ ಬರ್ ಊರಿನಾಚೆ, ಕಡಲಿಗೆ ಮುಖಮಾಡಿದ ಆಟದ ಪಾರ್ಕಿನಲ್ಲಿ, ತೂಫಾನ್ ಎಂಬ ಆಟದ ಗೇಟಿನ ಪಕ್ಕದಲ್ಲೇ ಅದು ಇತ್ತು. ಹೃದಯದ ತೊಂದರೆಯವರು, ಕುತ್ತಿಗೆ ಬೆನ್ನು ನೋವಿನವರು, ರಕ್ತದೊತ್ತಡದವರು, ವಾಹನದಲ್ಲಿ ಹೊಟ್ಟೆ ತೊಳಸುವವರು, ಗರ್ಭಿಣಿಯರು ಹತ್ತಬಾರದು ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ರಾವಿಯಾ ಅದನ್ನು ಪರೀಕ್ಷೆಗೆ ಓದುವವಳ ಹಾಗೆ ಮತ್ತೆ ಮತ್ತೆ ಓದುತ್ತಿದ್ದಳು. ಹೊಟ್ಟೆ ತೊಳಸುವವರು ಎಂಬ ಮಾತಿನ ಹತ್ತಿರ ಬಂದಾಗಲೆಲ್ಲ ಅವಳ ಕಣ್ಣು ಅಲ್ಲೇ ನಿಂತುಬಿಡುತ್ತಿತ್ತು.

ತೂಫಾನ್ ಎಂದರೆ ಎರಡು ಕಂಬಗಳ ನಡುವೆ ನೇತುಬಿಟ್ಟ ಒಂದು ಉದ್ದನೆಯ ತೋಳು, ಅದರ ತುದಿಗೊಂದು ಚಕ್ರ, ಚಕ್ರದ ಸುತ್ತ ಕುರ್ಚಿಗಳು. ತೋಳು ಆಚೆಗೂ ಈಚೆಗೂ ತೂಗುತ್ತದೆ, ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತದೆ. ತೂಗುವುದೊಂದು ಸಾಲದೆಂದು ತಿರುಗಿಸುವುದು ಬೇರೆ. ಇದನ್ನು ಕಂಡುಹಿಡಿದ ಮಹಾನುಭಾವನಿಗೆ ಹೊಟ್ಟೆ ಎಂಬುದೇ ಇರಲಿಲ್ಲವೆಂದು ಕಾಣುತ್ತದೆ.

ಅವತ್ತು ಶಮ್ ಎನ್ನಸೀಮ್, ವಸಂತದ ಹಬ್ಬ. ಮನೆಯೊಳಗೆ ಕೂತವರಿಗೆ ವರ್ಷವಿಡೀ ಮಂಕು ಕವಿಯುತ್ತದೆಂದು ರಾವಿಯಾ ವಾಸವಿದ್ದ ದುಮ್ಯಾತ್ ಪಟ್ಟಣ ಊರಿಗೂರೇ ಹೊರಗೆ ಬಂದು ಬಿದ್ದಿತ್ತು. ರಾವಿಯಾಳ ಗಂಡ ಹಾಜೆಮ್ ಮರಕೆತ್ತನೆಯವನು, ಕುರ್ಚಿ ಮಂಚಗಳಿಗೆ ಹೂಬಳ್ಳಿ ಬಿಡಿಸುವವನು. ಅವನು, ಹಿರಿಯರೆಂದು ಎಲ್ಲರೂ ಹಾಜ್ಜಾ ಎನ್ನುವ ಅವನ ತಾಯಿ ವಿದಾದ್, ಅಕ್ಕ ದೌಲತ್, ಅವಳ ಗಂಡ ಸಲ್ಲಾಮ್, ಅವರ ಮಕ್ಕಳು, ಎಲ್ಲರೂ ಒಂದೇ ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ರಾವಿಯಾ ಕಿಟಕಿಯ ಪಕ್ಕ ಕೂತು, ಉಸಿರು ಬಿಗಿಹಿಡಿದು, ದೂರದ ಒಂದೇ ಕಡೆ ನೋಡುತ್ತ ಹೊಟ್ಟೆಯನ್ನು ಸಂಭಾಳಿಸಿಕೊಂಡಿದ್ದಳು. ಬೆಳಿಗ್ಗೆ ಚಹಾ ಕೂಡ ಕುಡಿದಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಅವಳ ಮದುವೆಯ ದಿನ ಕಾರುಗಳ ಮೆರವಣಿಗೆ ಹೊರಟಿತ್ತು. ನಮ್ಮಲ್ಲಿ ಮದುವೆ ಕಾರು ನೆಟ್ಟಗೆ ಹೋದರೆ ಮದುವೆಯೇ ಅಲ್ಲ. ಹಾರ್ನ್ ಬಾರಿಸುತ್ತ, ಹಾವಿನಂತೆ ಹೊರಳುತ್ತ, ಸೇತುವೆಯ ಹತ್ತಿರ ಸುತ್ತು ಹೊಡೆಯಬೇಕು. ಗಾಡಿ ಓಡಿಸುತ್ತಿದ್ದವನು ಸಲ್ಲಾಮ್, ಅವನಂತೂ ಸಿಕ್ಕ ಅವಕಾಶವನ್ನು ಬಿಡುವವನೇ ಅಲ್ಲ. ಮದುಮಗಳು ತನ್ನ ಬಿಳಿ ಗೌನಿನ ಮೇಲೂ ಮದುಮಗನ ಮಡಿಲಿನಲ್ಲೂ ವಾಂತಿ ಮಾಡಿಕೊಂಡಳು. ಆ ದಿನದಿಂದ ದೌಲತ್ ಅವಳನ್ನು ಪಿಂಗಾಣಿ ಬೊಂಬೆ ಎಂದೇ ಕರೆಯುತ್ತಿದ್ದಳು. ಅತ್ತೆ ಏನೂ ಅನ್ನಲಿಲ್ಲ. ಅತ್ತೆ ಯಾವತ್ತೂ ಏನೂ ಅನ್ನುತ್ತಿರಲಿಲ್ಲ, ಅದೇ ಕಷ್ಟ. ಬೈಗುಳವಿಲ್ಲ, ಕೊಂಕಿಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. "ಹಾಜೆಮನ ಹೆಂಡ್ತಿಗೆ ಊಟ ಬಡಿಸಿ," "ಹಾಜೆಮನ ಹೆಂಡ್ತಿ ಮಲಗಿದ್ಲಾ?" ಎಂದು ಬೇರೆಯವರ ಹತ್ತಿರ ವಿಚಾರಿಸುವಷ್ಟೇ ಅವರ ಮಾತು. ಮೂರು ವರ್ಷ ಹೀಗೇ ಕಳೆದಿತ್ತು. ಮಗುವಾಗಿರಲಿಲ್ಲ. ಡಾಕ್ಟರು ಇಬ್ಬರಲ್ಲೂ ದೋಷವಿಲ್ಲ, ಕಾಯಿರಿ ಎಂದಿದ್ದರು. ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಇದ್ದುದರಿಂದಲೇ ಅದು ಎಲ್ಲ ಕೋಣೆಗಳಲ್ಲೂ ಇರುತ್ತಿತ್ತು.

ಇನ್ನೊಮ್ಮೆ ಇವರೆದುರು ವಾಂತಿ ಮಾಡಿಕೊಂಡರೆ ಸತ್ತೇಹೋಗುತ್ತೇನೆ ಎಂದುಕೊಂಡು ರಾವಿಯಾ ಬೋರ್ಡಿನ ಮುಂದೆ ನಿಂತಿದ್ದಳು. ಹತ್ತಿದರೆ ಮಾನ ಹೋಗುತ್ತದೆ, ಹತ್ತದಿದ್ದರೆ ದೌಲತಳ ಬಾಯಿಗೆ ಬೀಳಬೇಕು.

"ಏನೇ ಪಿಂಗಾಣಿ, ಬೋರ್ಡನ್ನ ಬಾಯಿಪಾಠ ಮಾಡ್ತಿದೀಯಾ?" ದೌಲತ್ ಟಿಕೆಟು ಹಿಡಿದುಕೊಂಡು ಬಂದಳು. "ನನ್ನ ಪುಟ್ಟ ಮಗಳೇ ಹತ್ತಕ್ಕೆ ಕುಣೀತಿದಾಳೆ, ನಿಂಗೇನೇ ಧಾಡಿ?"

"ಬಿಡೇ, ಅವ್ಳನ್ನ ನನ್ ಪಕ್ಕ ಮಾತ್ರ ಕೂರಿಸ್ಬೇಡ," ಎಂದ ಸಲ್ಲಾಮ್. "ಹೊಸ ಅಂಗಿ ಕಣೇ ಇದು!"

ಇಬ್ಬರೂ ನಕ್ಕರು. ಹಾಜೆಮ್ ಕೂಡ ನಕ್ಕ. ಹೆಂಡತಿಯ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ, ಆದರೆ ನಕ್ಕದ್ದಂತೂ ನಿಜ.

"ಇಲ್ಲ ದೌಲತ್ ಅಕ್ಕ, ನೀವು ಹೋಗ್ಬನ್ನಿ. ಇವತ್ತು ನಂಗೆ ಇದೆಲ್ಲ ಬೇಡ," ಎಂದಳು ರಾವಿಯಾ. ಅಷ್ಟರಲ್ಲಿ ತೂಫಾನ್ ಮೇಲೇರಿ ಕುರ್ಚಿಗಳೆಲ್ಲ ತಲೆಕೆಳಗಾಗಿ, ನೋಡುತ್ತಿದ್ದ ಅವಳ ಹೊಟ್ಟೆಯೂ ಒಂದು ಸುತ್ತು ಹಾಕಿತು. ಅವಳು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಪಕ್ಕದ ಕಂಬಿಗೆ ಒರಗಿದಳು. ಅಷ್ಟೇ ಆದದ್ದು. ಅದನ್ನು ಬೇರೆ ಯಾರೂ ನೋಡಲಿಲ್ಲ, ಅತ್ತೆ ನೋಡಿದರು.

ಉಳಿದವರೆಲ್ಲ ಗೇಟು ದಾಟಿ ಹೋದ ಮೇಲೆ ಅತ್ತೆ ತಮ್ಮ ಮಡಚುವ ಕುರ್ಚಿಯನ್ನು ಎಳೆದು ತಂದರು. ಮಂಡಿನೋವಿಗೆಂದು ಮನೆಯಿಂದ ಹೊತ್ತು ತಂದ ಕುರ್ಚಿ ಅದು. ಈಚಲು ಮರದ ನೆರಳಿನಲ್ಲಿ ಅದನ್ನಿಟ್ಟು, "ಕೂತ್ಕೋ," ಎಂದರು.

"ಅಯ್ಯೋ, ನೀವು ಕೂತ್ಕೊಳ್ಳಿ ಅಮ್ಮಾ."

"ಕೂತ್ಕೋ ಅಂದ್ನಲ್ಲ ಮಗಳೇ."

ಮಗಳೇ! ರಾವಿಯಾ ಬೆಪ್ಪಾಗಿ ಕೂತುಬಿಟ್ಟಳು. ಅತ್ತೆ ನೆಲದ ಮೇಲೆ ಚಾಪೆ ಹಾಸಿಕೊಂಡು, ಬುಟ್ಟಿಯಿಂದ ಕಿತ್ತಳೆ ತೆಗೆದು, ಉಗುರಿನಿಂದ ಸಿಪ್ಪೆ ಬಿಡಿಸಿ, ಬಿಳಿ ನಾರನ್ನೂ ಒಂದೊಂದಾಗಿ ಕಿತ್ತು, ತೊಳೆಯನ್ನು ಅವಳ ಕೈಗಿಟ್ಟರು. "ಹುಳಿ ಬಾಯಿಗೆ ಹಿತವಾಗಿರುತ್ತೆ. ಮೆಲ್ಲಗೆ ತಿನ್ನು." ಆಮೇಲೆ ತಮ್ಮ ತಲೆವಸ್ತ್ರದ ಒಳಗಿನಿಂದ ನೀಲಿ ಮಣಿಯ ಪಿನ್ನನ್ನು ಬಿಚ್ಚಿ, ಸುತ್ತ ಒಮ್ಮೆ ನೋಡಿ, ರಾವಿಯಾಳ ಅಂಗಿತೋಳಿನ ಮಡಿಕೆಯೊಳಗೆ ಯಾರಿಗೂ ಕಾಣದಂತೆ ಸಿಕ್ಕಿಸಿದರು. ದೃಷ್ಟಿಯಾಗಬಾರದೆಂದು ಕಟ್ಟುವ ಮಣಿ ಅದು.

ಆಗ ರಾವಿಯಾಳಿಗೆ ಅರ್ಥವಾಯಿತು. ನಮ್ಮಲ್ಲಿ ಬಸುರಿನ ಸುದ್ದಿಯನ್ನು ಹೊಟ್ಟೆ ತಾನೇ ಹೇಳುವವರೆಗೆ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕಣ್ಣು ತಾಕೀತೆಂಬ ಹೆದರಿಕೆ. ಗೊತ್ತಾದವರು ಸುಮ್ಮನೆ ಕುರ್ಚಿ ಕೊಡುತ್ತಾರೆ, ಹಣ್ಣು ಸುಲಿಯುತ್ತಾರೆ, ಭಾರ ಎತ್ತಲು ಬಿಡುವುದಿಲ್ಲ. ಅತ್ತೆಯೂ ಹಾಗೆಯೇ ಮಾಡಿದ್ದರು. ಹತ್ತದೆ ನಿಂತ ಸೊಸೆ, ಹೊಟ್ಟೆಯ ಮೇಲಿನ ಕೈ, ಬೋರ್ಡಿನ ಕೊನೆಯ ಮಾತು, ಎಲ್ಲ ಕೂಡಿಸಿ ಲೆಕ್ಕ ಹಾಕಿಬಿಟ್ಟಿದ್ದರು.

ಇಲ್ಲ ಅಮ್ಮಾ, ಅದಲ್ಲ, ಎನ್ನಲು ಅವಳು ಬಾಯಿ ತೆರೆದಳು. ಆದರೆ ಯಾವುದನ್ನು ಅಲ್ಲ ಎನ್ನುವುದು? ಯಾರೂ ಏನೂ ಕೇಳಿಯೇ ಇಲ್ಲವಲ್ಲ! ಕೇಳದ ಪ್ರಶ್ನೆಗೆ ಇಲ್ಲ ಎಂದರೆ ತನಗೇ ಅಂಥ ಆಸೆಯಿದ್ದಂತೆ ಕಾಣುವುದಿಲ್ಲವೇ? ಇದು ಅವಳು ತನಗೆ ತಾನೇ ಕೊಟ್ಟುಕೊಂಡ ಸಬೂಬು. ಒಳಗಿನ ಸತ್ಯ ಬೇರೆ ಇತ್ತು. ಕಿತ್ತಳೆ ಸಿಹಿಯಾಗಿತ್ತು. ನೆರಳು ತಂಪಾಗಿತ್ತು. ಅತ್ತೆಯ ಮೊಣಕೈ ಅವಳ ಕಾಲಿಗೆ ತಾಗಿಕೊಂಡಿತ್ತು, ಅವರು ಅದನ್ನು ಸರಿಸಿಕೊಂಡಿರಲಿಲ್ಲ. ಇನ್ನೊಂದು ತೊಳೆ ತಿಂದು ಹೇಳಿದರಾಯಿತು ಎಂದುಕೊಂಡಳು. ತಿಂದಳು. ಅತ್ತೆ ಎರಡನೆಯ ಹಣ್ಣು ಸುಲಿಯಲು ಶುರುಮಾಡಿದರು.

ಆಟ ಹತ್ತಿದವರು ಕೂಗಾಡಿ ಕೆಳಗಿಳಿದು ಬಂದರು. ದೌಲತ್ ಕುರ್ಚಿಯ ಮೇಲೆ ಕೂತ ರಾವಿಯಾಳನ್ನೂ, ನೆಲದ ಮೇಲೆ ಕೂತ ತಾಯಿಯನ್ನೂ ನೋಡಿದಳು. "ಇದೇನಿದು, ಅಮ್ಮ ಕೆಳಗೆ, ಮಹಾರಾಣಿ ಮೇಲೆ?" ಎಂದಳು.

"ನಾನೇ ಕೂರಿಸ್ದೆ. ನೀನು ಬಾಯಿ ಮುಚ್ಕೊಂಡು ರೊಟ್ಟಿ ತೆಗಿ," ಎಂದರು ಅತ್ತೆ.

ಮೂರು ವರ್ಷದಲ್ಲಿ ಮೊದಲ ಸಲ ದೌಲತ್ ಬಾಯಿ ಮುಚ್ಚಿಕೊಂಡಳು. ರಾವಿಯಾಳಿಗೆ ಒಳಗೊಳಗೇ ಎಂಥ ಹಿತವಾಯಿತೆಂದರೆ, ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಚಾಪೆಯ ಮೇಲೆ ಊಟ ಹರಡಿತು. ಬಣ್ಣ ಬಳಿದ ಮೊಟ್ಟೆ, ಹಸಿ ಈರುಳ್ಳಿ, ಲೆಟಿಸ್ ಸೊಪ್ಪು, ನಿಂಬೆ, ನಡುವೆ ಕಾಗದದ ಪದರ ಪದರಗಳಲ್ಲಿ ಸುತ್ತಿದ ಫಸೀಖ್. ತಿಂಗಳುಗಟ್ಟಲೆ ಉಪ್ಪಿನಲ್ಲಿ ಹುದುಗಿಸಿಟ್ಟ ಈ ಮೀನಿಲ್ಲದೆ ಶಮ್ ಎನ್ನಸೀಮ್ ಆಗುವುದಿಲ್ಲ. ಅದರ ವಾಸನೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ, ಅರಿಯದವರಿಗೆ ಹೇಳಿ ಪ್ರಯೋಜನವಿಲ್ಲ. ಹಾಜೆಮ್ ಪೊಟ್ಟಣ ಬಿಚ್ಚುತ್ತಿದ್ದಂತೆ ರಾವಿಯಾ ಮುಖ ತಿರುಗಿಸಿದಳು. ವಾಪಸು ಹೋಗುವ ವ್ಯಾನಿನ ದಾರಿ ಅವಳ ಕಣ್ಣಮುಂದೆ ಇತ್ತು, ಅಷ್ಟೇ. ಉಪ್ಪುಮೀನು ತುಂಬಿಕೊಂಡು ಆ ದಾರಿ ಹಿಡಿಯುವ ಧೈರ್ಯ ಅವಳಿಗಿರಲಿಲ್ಲ.

"ಅವಳಿಗೆ ಬೇಡ," ಎಂದರು ಅತ್ತೆ ತಟ್ಟನೆ. "ಮೊಟ್ಟೆ ಕೊಡಿ. ಮೀನನ್ನ ಆ ಕಡೆ ಸರಿಸ್ರೋ, ಗಾಳಿ ಇತ್ಲಾಗ್ ಬೀಸ್ತಿದೆ."

ಆಮೇಲೆ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ರೊಟ್ಟಿಯ ಚೂರು ಮುರಿದು, ಫಸೀಖಿನ ಒಂದು ದೊಡ್ಡ ತುಂಡನ್ನು ಮುಳ್ಳು ಬಿಡಿಸಿ ಅದರ ಮೇಲಿಟ್ಟು, ನಿಂಬೆ ಹಿಂಡಿದರು.

"ಅಮ್ಮಾ! ಬಿ.ಪಿ.!" ಎಂದು ಚೀರಿದಳು ದೌಲತ್. ಅತ್ತೆ ರಕ್ತದೊತ್ತಡವೆಂದು ಫಸೀಖ್ ಬಿಟ್ಟು ವರ್ಷಗಳಾಗಿದ್ದವು. ಹಬ್ಬ ಬಂದರೆ ಎಲ್ಲರೂ ತಿನ್ನುವುದನ್ನು ನೋಡುತ್ತ ಬೇಯಿಸಿದ ಮೊಟ್ಟೆ ಸುಲಿಯುತ್ತ ಕೂರುತ್ತಿದ್ದರು. ಹಿಂದೆಲ್ಲ ಇಡೀ ಬೀದಿಯಲ್ಲಿ ಅವರಷ್ಟು ಫಸೀಖ್ ತಿನ್ನುವವರು ಇರಲಿಲ್ಲವಂತೆ.

"ಇವತ್ತು ಏನೂ ಆಗಲ್ಲ, ಸುಮ್ನಿರು," ಎಂದ ಅತ್ತೆ ಸೊಸೆಯ ಕಿವಿಯ ಹತ್ತಿರ ಬಾಗಿದರು. ತುತ್ತು ಕೈಯಲ್ಲೇ ಇತ್ತು. ಪಿಸುಮಾತಿನಲ್ಲಿ, "ಬಿ.ಪಿ.ಯೂ ಇಲ್ಲ, ಗಿ.ಪಿ.ಯೂ ಇಲ್ಲ ಮಗಳೇ. ಸುಳ್ಳು ಹೇಳಿದ್ದೆ. ಹರಕೆ ಹೊತ್ತಿದ್ದೆ. ನೀನು ಮನೆಗೆ ಬಂದ ವರ್ಷಾನೇ ದೇವರ ಹತ್ರ ಹೇಳ್ಕೊಂಡೆ, ಈ ಹುಡುಗಿ ಮಡಿಲು ತುಂಬೋ ತನಕ ನಾನು ಇದನ್ನ ಮುಟ್ಟಲ್ಲ ಅಂತ. ನಂಗೆ ಇದಕ್ಕಿಂತ ಇಷ್ಟವಾದ್ದು ಇನ್ನೇನಿದೆ ಹೇಳು ಬಿಡಕ್ಕೆ?" ಎಂದರು.

ತುತ್ತು ಬಾಯಿಯ ಕಡೆ ಹೊರಟಿತು. ಅತ್ತೆಯ ಕಣ್ಣು ಒದ್ದೆಯಾಗಿತ್ತು, ನಡುವೆ ನಿಲ್ಲಿಸಿ ಅದರ ವಾಸನೆಯನ್ನೊಮ್ಮೆ ಹೀರಿಕೊಂಡರು, ಹಾಗಾಗಿ ಅದು ನಿಧಾನವಾಗಿಯೇ ಹೋಯಿತು. ಇಲ್ಲ ಎಂಬ ಒಂದು ಮಾತಿಗೆ ಬೇಕಾದಷ್ಟು ಹೊತ್ತು ಇತ್ತು. ಕೈ ಹಿಡಿದಿದ್ದರೂ ಸಾಕಿತ್ತು. ರಾವಿಯಾ ಹಿಡಿಯಲಿಲ್ಲ. ಬಾಯಿ ಅಗಿಯುವುದನ್ನು, ಕೆನ್ನೆಯ ಮೇಲೆ ನೀರಿಳಿಯುವುದನ್ನು, ಅತ್ತೆ ಮಗುವಿನಂತೆ ಬೆರಳು ನೆಕ್ಕುವುದನ್ನು ನೋಡುತ್ತ ಕೂತಿದ್ದಳು. ಉಪ್ಪು ತಿಂದವರು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದವರು ಅತ್ತೆ, ನೀರು ಕುಡಿಯಬೇಕಾದವಳು ಸೊಸೆ.

ದೌಲತ್ ತಾಯಿಯನ್ನು ನೋಡಿದಳು, ರಾವಿಯಾಳನ್ನು ನೋಡಿದಳು, ಅವಳ ಹೊಟ್ಟೆಯನ್ನು ನೋಡಿದಳು. ಅವಳೇನೂ ದಡ್ಡಿಯಲ್ಲ. ತನ್ನ ಬೆನ್ನ ಹಿಂದಿದ್ದ ದಿಂಬನ್ನು ತೆಗೆದು ರಾವಿಯಾಳ ಬೆನ್ನಿಗೆ ಕೊಟ್ಟಳು. "ನಾನು ಏನೇನೋ ಅಂತಿರ್ತೀನಿ, ಮನಸ್ಸಲ್ಲಿ ಇಟ್ಕೋಬೇಡ ಕಣೇ," ಎಂದಳು. ಅವಳ ದನಿ ಮೆತ್ತಗಾಗಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಊಟ ಮುಗಿದು ಅತ್ತೆ ನಲ್ಲಿಯ ಹತ್ತಿರ ಕೈಗೆ ನಿಂಬೆಸಿಪ್ಪೆ ಉಜ್ಜಿಕೊಳ್ಳುತ್ತಿದ್ದಾಗ ರಾವಿಯಾ ಎದ್ದು ಹೋದಳು. ಬಿಸಿತುಪ್ಪ ಬಾಯಿಗೆ ಬಿದ್ದವರ ಸ್ಥಿತಿ ಅವಳದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೂ ಉಗುಳಿಬಿಡುತ್ತೇನೆ ಎಂದು ನಿರ್ಧರಿಸಿದ್ದಳು.

"ಅಮ್ಮಾ, ನಿಮ್ಗೊಂದು ವಿಷಯ ಹೇಳ್ಬೇಕು. ನಾನು..."

ಅತ್ತೆ ಒದ್ದೆ ಅಂಗೈಯನ್ನು ಅವಳ ಬಾಯಿಯ ಮೇಲಿಟ್ಟು ಒತ್ತಿದರು. ನಿಂಬೆ, ಮೀನು, ಎರಡರ ವಾಸನೆಯೂ ಮೂಗಿಗೆ ಹೊಡೆಯಿತು. "ಶ್! ಹೇಳ್ಬೇಡ. ಬಾಯಲ್ಲಿ ಹೇಳಿದ್ರೆ ಗಾಳಿಗೂ ಕೇಳಿಸುತ್ತೆ. ದೌಲತ್ ಹುಟ್ಟೋಕೆ ಮುಂಚೆ ಒಂದನ್ನ ನಾನು ಹೀಗೇ ಹೇಳ್ಕೊಂಡು ತಿರುಗಿ ಕಳ್ಕೊಂಡೆ. ಒಂದು ಅಕ್ಷರ ಆಡ್ಬೇಡ, ನನ್ನಾಣೆ."

"ಅದಲ್ಲ ಅಮ್ಮಾ..."

"ನನ್ನಾಣೆ ಅಂದೆ!" ಎಂದು ಅತ್ತೆ ಹೊರಟೇಬಿಟ್ಟರು. ಮಂಡಿನೋವಿನ ಹೆಂಗಸು ಹುಡುಗಿಯ ಹಾಗೆ ನಡೆದು ಹೋಗುವುದನ್ನು ರಾವಿಯಾ ನೋಡುತ್ತ ನಿಂತಳು.

ಹಾಜೆಮ್ ಬಂದದ್ದು ಆಗ. ಅವನ ಮುಖ ಹಬ್ಬದ ದೀಪದಂತಿತ್ತು. "ಅಮ್ಮ ಫಸೀಖ್ ತಿಂದ್ಲು, ಅಕ್ಕ ನಿಂಗೆ ದಿಂಬು ಕೊಟ್ಲು. ಊರಿಗೆಲ್ಲ ಗೊತ್ತು, ನಂಗೆ ಮಾತ್ರ ಗೊತ್ತಿಲ್ಲ. ನಂಗಾದ್ರೂ ಹೇಳ್ಬಾರ್ದಿತ್ತಾ?"

"ಇಲ್ಲ ಹಾಜೆಮ್."

"ಏನು ಇಲ್ಲ?"

"ಏನೂ ಇಲ್ಲ. ವಾಂತಿಯಾಗುತ್ತೆ ಅಂತ ಆಟ ಹತ್ಲಿಲ್ಲ. ವ್ಯಾನಲ್ಲಿ ಕಷ್ಟ ಆಗುತ್ತೆ ಅಂತ ಮೀನು ತಿನ್ಲಿಲ್ಲ. ಅಷ್ಟೇ. ನಿಮ್ಮಮ್ಮ ಹರಕೆ ಹೊತ್ತಿದ್ರಂತೆ. ನನ್ನ ಕಣ್ಣೆದುರೇ ಮುರಿದ್ರು. ನಾನು ಸುಮ್ನೆ ನೋಡ್ತಾ ಕೂತಿದ್ದೆ."

ಹಾಜೆಮನ ಮುಖದ ಬೆಳಕು ಆರಿತು. ಅವನು ಒಳ್ಳೆಯವನು, ಒಳ್ಳೆಯವರಿಗೆ ಗಲಾಟೆ ಎಂದರೆ ಆಗದು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, ದನಿ ತಗ್ಗಿಸಿ ಹೇಳಿದ: "ನೋಡು, ಇವತ್ತು ಹೇಳ್ಬೇಡ. ಹಬ್ಬದ ದಿನ ಅಮ್ಮನ ಮುಖ ನೋಡಿದ್ಯಲ್ಲ. ಒಂದೆರಡು ವಾರ ಹೋಗ್ಲಿ. ಆಮೇಲೆ, ನಿಲ್ಲಲಿಲ್ಲ, ಹೋಗ್ಬಿಡ್ತು ಅಂದ್ರಾಯ್ತು. ಎಷ್ಟು ಜನಕ್ಕೆ ಹಾಗಾಗಲ್ಲ? ನಿನ್ನ ಮೇಲೂ ಮಾತು ಬರಲ್ಲ, ಅಮ್ಮನ ಹರಕೆಗೂ ದೋಷ ಇರಲ್ಲ."

ಇರದೇ ಇದ್ದ ಮಗುವಿಗಾಗಿ ಅತ್ತೆ ಅಳುವುದು, ತನಗೆ ಕೋಳಿಸಾರು ಕುಡಿಸುವುದು, ನಾನು ಆ ಮೀನು ಮುಟ್ಟಿದ್ದೇ ತಪ್ಪಾಯಿತೋ ಏನೋ ಎಂದು ತಮ್ಮನ್ನೇ ಹಳಿದುಕೊಳ್ಳುವುದು, ಎಲ್ಲ ಒಂದೇ ಸಲ ರಾವಿಯಾಳ ಕಣ್ಣಿಗೆ ಕಟ್ಟಿತು. ಇನ್ನೂ ಕೆಟ್ಟದ್ದೇನೆಂದರೆ, ಆ ಮಾತು ಕೇಳಿದ ಮೊದಲ ಕ್ಷಣ ಅವಳಿಗೆ ಹಗುರವೆನಿಸಿತ್ತು. ಹೌದಲ್ಲ, ಹೀಗೂ ತಪ್ಪಿಸಿಕೊಳ್ಳಬಹುದಲ್ಲ ಎನಿಸಿತ್ತು. ತಾನು ಇಷ್ಟು ಕೀಳಾಗಬಲ್ಲೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ನನ್ನ ಟಿಕೆಟು ಎಲ್ಲಿ?" ಎಂದಳು.

"ಯಾವ ಟಿಕೆಟು?"

"ಬೆಳಿಗ್ಗೆ ಎಲ್ಲರಿಗೂ ತಗೊಂಡ್ರಲ್ಲ. ನಂದು ಉಳಿದಿದೆ."

ಹಾಜೆಮ್ ಏನೂ ತಿಳಿಯದೆ ಜೇಬಿನಿಂದ ತೆಗೆದುಕೊಟ್ಟ. ಬಾಯಲ್ಲಿ ಹೇಳಲು ಆಣೆ ಅಡ್ಡ ಬಂದಿತ್ತು. ಹೇಳದೆ ಹೇಳುವ ದಾರಿ ಒಂದೇ ಒಂದು ಇತ್ತು, ಅದು ಕಂಬಗಳ ನಡುವೆ ತೂಗುತ್ತಿತ್ತು. ಬಸುರಿಯಾದವಳು ತೂಫಾನ್ ಹತ್ತುವುದಿಲ್ಲ. ಹತ್ತಿದವಳು ಬಸುರಿಯಲ್ಲ. ಅತ್ತೆ ದೂರದಿಂದ ನೋಡಿ, ತಾವೇ ತಿಳಿದುಕೊಂಡು, ತಾವೇ ಸುಮ್ಮನಾಗಲಿ. ಹೀಗೆಂದು ಅವಳು ಎಣಿಸಿದಳು. ಗಡಿಬಿಡಿಯಲ್ಲಿ ಎಣಿಸಿದ್ದು ಎಂದೂ ಸರಿಯಾಗುವುದಿಲ್ಲ.

ಬೋರ್ಡನ್ನು ಈ ಸಲ ಓದದೆ ದಾಟಿದಳು. ಚಕ್ರದ ಕುರ್ಚಿಯಲ್ಲಿ ಕೂತು ಬೆಲ್ಟು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಗೇಟಿನ ಕಡೆ ಗದ್ದಲವೆದ್ದಿತು. ಸಾಲಿನಲ್ಲಿದ್ದವರನ್ನು ಮೊಣಕೈಯಿಂದ ತಳ್ಳಿಕೊಂಡು, ತಲೆವಸ್ತ್ರ ಜಾರಿದ್ದನ್ನೂ ಲೆಕ್ಕಿಸದೆ, ಅತ್ತೆ ನುಗ್ಗಿ ಬರುತ್ತಿದ್ದರು.

"ಇಳಿ! ಇಳಿಯೇ ಕೆಳಗೆ! ಹುಚ್ಚು ಹಿಡೀತಾ ನಿಂಗೆ?" ಅವರು ಬಂದವರೇ ರಾವಿಯಾಳ ತೋಳು ಹಿಡಿದು ಎಳೆದರು.

"ಇಳಿಯಲ್ಲ ಅಮ್ಮಾ. ನನ್ನ ಬಿಡಿ."

"ಬೋರ್ಡು ನೋಡ್ಲಿಲ್ವೇನೇ?"

"ನೋಡ್ದೆ."

ಆಟ ನಡೆಸುವವನು ಓಡಿಬಂದ. ಟೊಪ್ಪಿಗೆ ಹಿಂದುಮುಂದಾಗಿ ಹಾಕಿಕೊಂಡ ಮಧ್ಯವಯಸ್ಸಿನವನು. "ಹಾಜ್ಜಾ, ಏನ್ ಸಮಾಚಾರ? ಇವ್ರೇನು ಬಸುರಿನಾ? ಹಾಗಿದ್ರೆ ಮೊದಲೇ ಹೇಳ್ಬಾರ್ದಾ ತಾಯಿ, ನನ್ನ ಕೆಲಸ ಹೋಗುತ್ತೆ!"

ಅತ್ತೆ ತುಟಿ ಬಿಗಿದುಕೊಂಡರು. ಇಷ್ಟು ಜನರ ಕಣ್ಣೆದುರು ಹೌದು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಆದರೆ ಹಿಡಿದ ತೋಳನ್ನೂ ಬಿಡಲಿಲ್ಲ. ಪಕ್ಕದ ಕುರ್ಚಿಯ ಹೆಂಗಸು ಬಾಗಿ, "ಮಾಷಾ ಅಲ್ಲಾಹ್, ಒಳ್ಳೇದಾಗ್ಲಿ ಕಣಮ್ಮ. ಇಳಿದ್ಬಿಡು, ಅತ್ತೆ ಮಾತು ಕೇಳು," ಎಂದಳು. ಅವಳ ಆಚೆಯವಳು ನಾಲಿಗೆಯಾಡಿಸಿ ಸಂಭ್ರಮದ ಕೂಗು ಹಾಕಿಯೇ ಬಿಟ್ಟಳು. ಸಾಲಿನಲ್ಲಿದ್ದವರೂ ನಗುತ್ತ ಚಪ್ಪಾಳೆ ತಟ್ಟಿದರು.

"ಅಲ್ಲ," ಎಂದಳು ರಾವಿಯಾ. ಯಾರಿಗೂ ಕೇಳಿಸಲಿಲ್ಲ. "ಅಲ್ಲ! ನಾನು ಬಸುರಿಯಲ್ಲ!"

"ಖಾತ್ರಿ ತಾನೆ ತಾಯಿ?" ಎಂದ ಆಟದವನು. "ಆಮೇಲೆ ನನ್ನ ಮೇಲೆ ಬರ್ಬಾರ್ದು."

"ಇಲ್ಲ ಅಂದ್ನಲ್ಲ! ಇಲ್ಲ. ಯಾವತ್ತೂ ಆಗಿಲ್ಲ. ಮೂರು ವರ್ಷದಲ್ಲಿ ಒಂದು ಸಲಾನೂ ಆಗಿಲ್ಲ."

ಚಪ್ಪಾಳೆ ನಿಂತಿತು. ಕಂಬಿಯ ಆಚೆ ಹಾಜೆಮ್ ತಲೆತಗ್ಗಿಸಿದ. ದೌಲತ್ ಮಗಳ ಕಿವಿ ಮುಚ್ಚಿದಳು, ಆ ಮಗುವಿಗೆ ಅದೇನು ತಿಳಿಯುತ್ತದೆಂದೋ. ಅತ್ತೆಯ ಕೈ ತೋಳಿನಿಂದ ಮೆಲ್ಲಗೆ ಜಾರಿತು. ಅವರು ಸೊಸೆಯ ಮುಖವನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಆಟದವನು ಏನು ಮಾಡಬೇಕೆಂದು ತೋಚದೆ, ತನಗೆ ಗೊತ್ತಿದ್ದ ಕೆಲಸವನ್ನು ಮಾಡಿದ. ಕಬ್ಬಿಣದ ಸರಳನ್ನು ಎಲ್ಲರ ಎದೆಯ ಮೇಲೆ ಇಳಿಸಿ ಗುಂಡಿ ಒತ್ತಿದ.

ಆ ಸುತ್ತಿನ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಆಕಾಶ ಕೆಳಗೆ ಬಂತು, ಕಡಲು ಮೇಲೆ ಹೋಯಿತು. ಎಲ್ಲರೂ ಕಿರುಚಿದರು, ರಾವಿಯಾ ಕಿರುಚಲಿಲ್ಲ. ಇದು ನಿಲ್ಲದಿದ್ದರೆ ಒಳ್ಳೆಯದು ಎಂದುಕೊಂಡಳು, ನಿಂತರೆ ಇಳಿಯಬೇಕಲ್ಲ.

ನಿಂತಿತು. ಇಳಿದಳು. ಗೇಟಿನವರೆಗೆ ಹೇಗೋ ನಡೆದು, ಅದರಾಚೆ ಮರಳಿನ ಮೇಲೆ ಮೊಣಕಾಲೂರಿ, ಎಲ್ಲರೂ ನೋಡುತ್ತಿದ್ದಂತೆ ವಾಂತಿ ಮಾಡಿಕೊಂಡಳು. ಮೊಟ್ಟೆ, ಕಿತ್ತಳೆ, ಎಲ್ಲವೂ ಬಂತು. ಹಣೆಯನ್ನು ಯಾರೋ ಒತ್ತಿ ಹಿಡಿದಿದ್ದರು. ಹಾಜೆಮ್ ಇರಬೇಕೆಂದುಕೊಂಡಳು. ನಿಂಬೆಯ ವಾಸನೆ ಬಂದಾಗ ಅತ್ತೆ ಎಂದು ತಿಳಿಯಿತು.

ಅತ್ತೆ ಬಾಟಲಿಯಿಂದ ನೀರು ಹೊಯ್ದು ಅವಳ ಬಾಯಿ ತೊಳೆಸಿದರು. ಹತ್ತಿರ ಬರಹೊರಟ ದೌಲತಳನ್ನು ಕಣ್ಣಿನಲ್ಲೇ ದೂರ ನಿಲ್ಲಿಸಿದರು. ಆಮೇಲೆ ತಾವೂ ಮರಳಿನ ಮೇಲೆ ಕುಸಿದು ಕೂತರು. ಬೈಗುಳಕ್ಕೆ ರಾವಿಯಾ ತಲೆಯೊಡ್ಡಿ ಕಾದಳು. ಅತ್ತೆ ಬೈಯಲಿಲ್ಲ, ಕೇಳಿದರು. ಮೂರು ವರ್ಷದಲ್ಲಿ ಅವರು ಉತ್ತರಕ್ಕಾಗಿ ಕಾದು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

"ಕುರ್ಚಿ ಕೊಟ್ಟಾಗ್ಲೇ ನಿಂಗೆ ಗೊತ್ತಾಗಿತ್ತು ಅಲ್ವಾ?"

"ಗೊತ್ತಾಗಿತ್ತು ಅಮ್ಮಾ."

"ಹರಕೆ ವಿಷಯ ಹೇಳಿ, ತುತ್ತು ಕೈಯಲ್ಲಿ ಹಿಡಿದು ಅಷ್ಟು ಹೊತ್ತು ಕೂತಿದ್ನಲ್ಲ. ಆಗ್ಲಾದ್ರೂ ಯಾಕೆ ತಡೀಲಿಲ್ಲ?"

ಹೇಳಲು ಸಬೂಬುಗಳು ಬೇಕಾದಷ್ಟಿದ್ದವು. ನೀವು ಬಾಯಿ ಮುಚ್ಚಿಸಿದಿರಿ ಎನ್ನಬಹುದಿತ್ತು, ಆದರೆ ಅದು ತುತ್ತು ನುಂಗಿದ ಮೇಲಿನ ಮಾತು. ದೌಲತಳಿಗೆ ಹೆದರಿದೆ ಎನ್ನಬಹುದಿತ್ತು. ರಾವಿಯಾಳಿಗೆ ಇನ್ನು ಸುಳ್ಳು ಹೇಳುವ ತ್ರಾಣವಿರಲಿಲ್ಲ.

"ನೀವು ಹಣ್ಣು ಸುಲಿದು ಕೊಟ್ರಿ, ಮಗಳೇ ಅಂದ್ರಿ," ಎಂದಳು ನೆಲ ನೋಡುತ್ತ. "ಹೇಳಿದ್ರೆ ಅದು ನಿಂತ್ಹೋಗುತ್ತಲ್ಲ. ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಅನ್ನಿಸ್ತು."

"ಅಷ್ಟಕ್ಕಾ?" ಅತ್ತೆಯ ದನಿ ಮೇಲೇರಿತು. "ದೇವರಿಗೆ ಕೊಟ್ಟ ಮಾತು ಮುರಿಸಿದ್ಯಲ್ಲೇ! ಒಂದು ಕಿತ್ತಳೆಹಣ್ಣಿಗಾ? ಮೂರು ವರ್ಷದಿಂದ ನನ್ನ ಮನೇಲ್ ಇದೀಯ, ಒಂದು ಕಿತ್ತಳೆಹಣ್ಣಿಗೆ ನೀನು..."

ಅಷ್ಟು ಹೇಳುವಷ್ಟರಲ್ಲಿ ಆ ಮಾತು ಅವರ ಕಿವಿಗೇ ಬಿತ್ತು. ಮೂರು ವರ್ಷದಲ್ಲಿ ತಾವು ಅವಳಿಗೆ ಹಣ್ಣು ಸುಲಿದು ಕೊಟ್ಟದ್ದು, ಮಗಳೇ ಎಂದದ್ದು ಇವತ್ತೇ ಮೊದಲು. ಕೋಪದಿಂದ ಕೆಂಪಾಗಿದ್ದ ಮುಖದ ಬಣ್ಣ ಇಳಿಯಿತು. ತಲೆವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಹಿಡಿದುಕೊಂಡು ಅವರು ಕಡಲ ಕಡೆ ತಿರುಗಿದರು.

"ಅಮ್ಮಾ, ಏನಂತಾಳೆ ಅವಳು?" ಎಂದು ಹಾಜೆಮ್ ದೂರದಿಂದಲೇ ಕೇಳಿದ.

ಅವನು ಹತ್ತಿರ ಬಂದು ನೋಡಿದಾಗ ಇಬ್ಬರೂ ತಲೆತಗ್ಗಿಸಿಕೊಂಡು ಕೂತಿದ್ದರು. ಒಬ್ಬರ ಮುಖವನ್ನೊಬ್ಬರು ನೋಡುವ ಹಾಗಿರಲಿಲ್ಲ.